ವಯಸ್ಸಿನ ತಲೆಗೆ ಕಟ್ಟಿದ್ದು

ದೊಡ್ಡ ಸಿಸ್ಟರ್ ಎಂದರೆ ಎತ್ತರದಲ್ಲಿ ದೊಡ್ಡವಳೇನೂ ಅಲ್ಲ. ಔಷಧದ ಬೀರುವಿನ ಮೇಲಿನ ಅರೆಗೆ ಕೈ ಹಾಕಬೇಕಾದರೆ ಈಗಲೂ ತುದಿಗಾಲಲ್ಲಿ ನಿಲ್ಲಬೇಕು. ಎರಡನೇ ಮಹಡಿಯ ಹೆಂಗಸರ ವಾರ್ಡಿಗೆ ಅವಳು ಯಜಮಾನಿ. ಇಪ್ಪತ್ತೆಂಟು ಮಂಚ, ಎಂಟು ಜನ ನರ್ಸುಗಳು, ಒಂದು ಗೊಂಚಲು ಬೀಗದ ಕೈ, ಎಲ್ಲವೂ ಅವಳ ಸುಪರ್ದಿನಲ್ಲಿ. ವಯಸ್ಸು ಐವತ್ತೆರಡು, ನೌಕರಿಗೆ ಮೂವತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿದರೆ ಸಾಕು, ಯಾರಿಗೆ ಜ್ವರ ಏರಿದೆ, ಯಾರು ಮಾತ್ರೆ ನುಂಗದೆ ದಿಂಬಿನಡಿ ಬಚ್ಚಿಟ್ಟಿದ್ದಾರೆ ಎಂದು ಹೇಳಿಬಿಡುತ್ತಾಳೆ ಎನ್ನುವ ಮಾತು ವಾರ್ಡಿನಲ್ಲಿ ಅರ್ಧ ತಮಾಷೆಯಾಗಿ, ಅರ್ಧ ಹೆದರಿಕೆಯಾಗಿ ಓಡಾಡುತ್ತಿತ್ತು.

ಅವಳ ಅಮ್ಮನಿಗೆ ಎಪ್ಪತ್ತೆಂಟು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನವರನ್ನು ಊರಿನವರಿಗೆ ಜೋಡಿಸಿದ ಹೆಂಗಸು. ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ನಂಬರುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಮುಚ್ಚಿಹೋದ ಅಂಗಡಿಗಳದ್ದು, ತೀರಿಹೋದ ವಕೀಲರದ್ದು, ಆ ಕಾಲದ ಅಗ್ನಿಶಾಮಕ ಠಾಣೆಯದ್ದು, ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಅಳಿಯ ರೈಲಿನ ಗಾರ್ಡು. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ, ಮೂರು ದಿನ ಮನೆಯಲ್ಲಿ. ಅತ್ತೆಗೆ ಎದುರಾಡಲಿಕ್ಕೆ ಹೋಗದೆ, ಇದ್ದಷ್ಟು ದಿನ ಆಕೆಯ ನೆನಪನ್ನು ಪರೀಕ್ಷಿಸುತ್ತ ಕಾಲ ಕಳೆಯುತ್ತಿದ್ದ.

ಆ ಅಮ್ಮ ಮಂಕಾಗತೊಡಗಿ ಎರಡು ತಿಂಗಳ ಹತ್ತಿರ ಬಂದಿತ್ತು. ಮೊದಲು ಮಧ್ಯಾಹ್ನದ ನಿದ್ದೆ ಉದ್ದವಾಯಿತು. ಆಮೇಲೆ ಮಾತು ಗಿಡ್ಡವಾಯಿತು. ಪೇಪರನ್ನು ಕೈಯಲ್ಲಿ ಹಿಡಿದು ಒಂದೇ ಪುಟವನ್ನು ಗಂಟೆಗಟ್ಟಲೆ ನೋಡುತ್ತ ಕೂರುವಳು. ಒಂದು ದಿನ ಕನ್ನಡಕ ಫ್ರಿಜ್ಜಿನೊಳಗೆ ಸಿಕ್ಕಿತು. ಇನ್ನೊಂದು ದಿನ ಅಳಿಯ ಎಂದಿನ ಹಾಗೆ, ಅಗ್ನಿಶಾಮಕದವರ ನಂಬರೆಷ್ಟು ಅತ್ತೆ ಎಂದು ಕೇಳಿದ. ಅಮ್ಮ ಅವನ ಮುಖವನ್ನೇ ನೋಡಿದಳು, ತುಟಿ ಅಲುಗಿತು, ನಂಬರು ಬರಲಿಲ್ಲ. ಅವನು ಹೆಂಡತಿಯನ್ನು ಅಡುಗೆಮನೆಗೆ ಕರೆದು, ಯಾಕೋ ಸರಿಯಿಲ್ಲ, ಡಾಕ್ಟರಿಗೆ ತೋರಿಸೋಣ ಎಂದ.

"ನಾನು ದಿನ ಬೆಳಗಾದ್ರೆ ನೋಡೋದು ಇದನ್ನೇ. ವಯಸ್ಸು. ಇದಕ್ಕೆ ಡಾಕ್ಟ್ರು ಏನ್ ಮಾಡ್ತಾರೆ?" ಎಂದುಬಿಟ್ಟಳು ದೊಡ್ಡ ಸಿಸ್ಟರ್.

ಹಾಗೆಂದವಳು ಕೈಕಟ್ಟಿ ಕೂರಲಿಲ್ಲ, ತನಗೆ ಗೊತ್ತಿದ್ದ ಕೆಲಸವನ್ನೆಲ್ಲ ಮಾಡಿದಳು. ಗ್ಯಾಸ್ ಒಲೆ ಹೊತ್ತಿಸುವ ಗುಬುಟು ಕಳಚಿ ತನ್ನ ಚೀಲದಲ್ಲಿ ಹಾಕಿಕೊಂಡಳು. ಹೊರಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿದಳು. ಬೀರುಗಳ ಮೇಲೆ ದಪ್ಪ ಅಕ್ಷರದಲ್ಲಿ "ಲೋಟ", "ತಟ್ಟೆ", "ಟವೆಲ್" ಎಂದು ಬರೆದು ಅಂಟಿಸಿದಳು. ಮೊದಲಿನ ಅಮ್ಮನಾಗಿದ್ದರೆ, ನಿನ್ನ ಹಣೆ ಮೇಲೂ "ಮಗಳು" ಅಂತ ಒಂದು ಚೀಟಿ ಅಂಟಿಸ್ಕೋ ಎಂದು ಛೇಡಿಸುತ್ತಿದ್ದಳು. ಈ ಅಮ್ಮ ಚೀಟಿಯನ್ನು ನಿಧಾನವಾಗಿ ಓದಿ, ಲೋಟ ತೆಗೆದುಕೊಂಡು, ಸುಮ್ಮನೆ ನೀರು ಕುಡಿದಳು. ಮರೆವಿನ ಕಾಯಿಲೆಯ ಡಾಕ್ಟರ ಹತ್ತಿರ ಒಂದು ದಿನ ಗೊತ್ತು ಮಾಡಿದಳು. ಆ ದಿನ ಹತ್ತಿರ ಬಂದಾಗ ವಾರ್ಡಿನಲ್ಲಿ ಜನ ಸಾಲದು ಎಂಬ ನೆಪ ಹೇಳಿ ಮುಂದಕ್ಕೆ ಹಾಕಿದಳು. ಹೀಗೆ ಎರಡು ಸಲವಾಯಿತು.

ಯಾಕೆ ಮುಂದಕ್ಕೆ ಹಾಕಿದಳೆಂಬುದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಆರೇಳು ತಿಂಗಳಿಂದ ಅವಳದ್ದೂ ಏನೋ ಹದ ತಪ್ಪಿತ್ತು. ನಿಂತ ನಿಲುವಿನಲ್ಲಿ ಎದೆಯಿಂದ ಕೆನ್ನೆಯವರೆಗೆ ಬೆಂಕಿ ಹತ್ತಿಕೊಂಡಂತಾಗಿ ಮೈ ಬೆವರಿನಲ್ಲಿ ತೊಯ್ಯುತ್ತಿತ್ತು. ನಿದ್ದೆ ನಸುಕಿಗೆ ಮೊದಲೇ ಒಡೆದುಹೋಗುತ್ತಿತ್ತು. ಮುಟ್ಟು ಮೂರು ತಿಂಗಳಿಗೊಮ್ಮೆ ನೆಪಕ್ಕೆ ಬಂದು ಹೋಗುತ್ತಿತ್ತು. ಅದೆಲ್ಲ ಯಾತಕ್ಕೆಂದು ಅವಳಿಗೆ ಗೊತ್ತಿತ್ತು, ಬೇರೆ ಹೆಂಗಸರಿಗೆ ಹೇಳಿಯೂ ಇದ್ದಳು. ಹೆದರಿಸಿದ್ದು ಇನ್ನೊಂದು. ಪಾಳಿ ಬದಲಾಗುವ ಹೊತ್ತಿನಲ್ಲಿ ಎಲ್ಲರ ಎದುರು ನಿಂತು ಮಾತಾಡುತ್ತಿದ್ದಾಗ ಥರ್ಮಾಮೀಟರ್ ಎನ್ನುವ ಮಾತೇ ಬರಲಿಲ್ಲ. "ಅದೇ, ಆ ಜ್ವರದ ಕಡ್ಡಿ" ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅವತ್ತಿನಿಂದ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು ಬಂತು, ಎಲ್ಲವನ್ನೂ ಬರೆದಿಟ್ಟುಕೊಳ್ಳತೊಡಗಿದಳು. ಗಂಡನಿಗೂ ಹೇಳಲಿಲ್ಲ.

ವಾರ್ಡಿಗೆ ಆಗಷ್ಟೇ ಇಪ್ಪತ್ಮೂರು ವರ್ಷದ ಹೊಸ ನರ್ಸೊಬ್ಬಳು ಬಂದಿದ್ದಳು. ಆಳು ಚಿಕ್ಕದು, ಬಾಯಿ ಒಂದು ಗಳಿಗೆ ಸುಮ್ಮನಿರದು. ಬಂದ ವಾರದಲ್ಲೇ ಎಲ್ಲರ ಬಾಯಲ್ಲಿ ಗುಬ್ಬಿಯಾದಳು. ಬಿ.ಪಿ. ನೋಡಲಿಕ್ಕೆ ಹೋದರೆ ಬಿ.ಪಿ. ಒಂದನ್ನು ನೋಡಿ ಬರುವ ಪೈಕಿಯಲ್ಲ. ಮನೆಯಲ್ಲಿ ಎಷ್ಟು ಮೆಟ್ಟಿಲು, ನಿದ್ದೆ ಹೇಗೆ, ಕೆಲಸ ಬಿಟ್ಟ ಮೇಲೆ ಹೊತ್ತು ಹೇಗೆ ಹೋಗುತ್ತದೆ ಎಂದೆಲ್ಲ ಕೇಳುತ್ತ ಮಂಚದ ಪಕ್ಕದಲ್ಲೇ ಬೇರು ಬಿಡುತ್ತಿದ್ದಳು. ದೊಡ್ಡ ಸಿಸ್ಟರ್ ಎರಡು ಸಲ ಗದರಿದ್ದಳು: ಒಬ್ಬರಿಗೆ ಇಪ್ಪತ್ತು ನಿಮಿಷ ಕೊಟ್ಟರೆ ಇಪ್ಪತ್ತೆಂಟು ಜನಕ್ಕೆ ಎಷ್ಟಾಯಿತೆಂದು ನೀನೇ ಹೇಳು ಎಂದು. ಗುಬ್ಬಿ ತಲೆಯಾಡಿಸಿ, ಮಾರನೆಯ ದಿನ ಮತ್ತೆ ಅದನ್ನೇ ಮಾಡುತ್ತಿದ್ದಳು.

ತರಬೇತಿ ಮುಗಿಸಲು ಗುಬ್ಬಿ ಒಂದು ಕೆಲಸ ಒಪ್ಪಿಸಬೇಕಿತ್ತು. ಹರೆಯದವರೊಬ್ಬರು, ನಡುವಯಸ್ಸಿನವರೊಬ್ಬರು, ಹಿರಿಯರೊಬ್ಬರು, ಹೀಗೆ ಮೂವರನ್ನು ಕೂರಿಸಿಕೊಂಡು, ದೇಹ, ಮನಸ್ಸು, ಮನೆ, ಕೆಲಸ ಎಲ್ಲವನ್ನೂ ವಿಚಾರಿಸಿ, ಆಯಾ ವಯಸ್ಸಿಗೆ ಯಾವುದು ಸಹಜ, ಯಾವುದು ಅಲ್ಲ ಎಂದು ಬರೆಯುವ ಕೆಲಸ. ಹರೆಯಕ್ಕೆ ಲ್ಯಾಬಿನ ಹುಡುಗಿ ಸಿಕ್ಕಿದ್ದಳು; ಊಟ ಬಿಟ್ಟು ಕಾಫಿಯ ಮೇಲೆ ಬದುಕುವುದು ಸಹಜವಲ್ಲ ಎಂದು ಅವಳಿಗೆ ಬರೆದು ಕೊಟ್ಟಾಗಿತ್ತು. ನಡುವಯಸ್ಸಿಗೆ ಲಿಫ್ಟಿನವನು ಸಿಕ್ಕಿ, ಅವನ ಸಕ್ಕರೆ ಅಂಶ ಏರಿರುವುದು ಪತ್ತೆಯಾಗಿತ್ತು. ಹಿರಿಯರೊಬ್ಬರು ಬಾಕಿ.

ಆ ಮಂಗಳವಾರ ಗಂಡ ರೈಲಿನಲ್ಲಿದ್ದ. ಅಮ್ಮನನ್ನು ಒಬ್ಬಳನ್ನೇ ಮನೆಯಲ್ಲಿ ಬಿಡಲು ಧೈರ್ಯ ಸಾಲದೆ ದೊಡ್ಡ ಸಿಸ್ಟರ್ ಆಕೆಯನ್ನು ಜೊತೆಗೇ ಕರೆತಂದು, ನರ್ಸುಗಳ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಗುಬ್ಬಿಯ ಕಣ್ಣು ಅರಳಿತು. ಅಜ್ಜಿಯ ಹತ್ತಿರ ಕೂರಲೇ ಎಂದು ಕೇಳಿದಳು. ಕೂರು ಬೇಕಾದರೆ, ಆದರೆ ಸರಿಯಾದ ಉತ್ತರ ಸಿಗುವುದಿಲ್ಲ ಎಂದಳು ದೊಡ್ಡ ಸಿಸ್ಟರ್, ಬೀಗದ ಕೈ ಎತ್ತಿಕೊಂಡು ಹೊರಡುತ್ತ.

ಗುಬ್ಬಿ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು ಕೂತಳು. ಅಜ್ಜಿಯ ಉತ್ತರಗಳು ನಿಜಕ್ಕೂ ನಿಧಾನ. ಒಂದು ಪ್ರಶ್ನೆ ಕೇಳಿ ಕಿಟಕಿಯಾಚೆ ಎರಡು ಬಸ್ಸು ಹೋಗುವವರೆಗೆ ಕಾಯಬೇಕು. ಗುಬ್ಬಿ ಕಾದಳು. ಕಾಯುತ್ತ ಎರಡು ವಿಷಯ ಕಂಡಳು. ಅಜ್ಜಿ ಬಚ್ಚಲಿಗೆ ಎದ್ದು ಹೋದಾಗ ಎಡಗಾಲಿನ ಚಪ್ಪಲಿ ಬಾಗಿಲಲ್ಲೇ ಕಳಚಿಕೊಂಡು ಉಳಿಯಿತು. ಅಜ್ಜಿಗೆ ಅದು ಗೊತ್ತೇ ಆಗಲಿಲ್ಲ. ವಾಪಸು ಬಂದು ಕೂತವಳು ಬಲಗೈಯಿಂದ ನೆತ್ತಿಯನ್ನು ಒತ್ತಿಕೊಂಡಳು. ತಲೆನೋವಾ ಎಂದರೆ, ಬೆಳಿಗ್ಗೆ ಹೊತ್ತು ಇರುತ್ತದೆ, ಆಮೇಲೆ ಹೋಗುತ್ತದೆ ಎಂದಳು.

ಬಿದ್ದಿದ್ದೀರಾ ಎಂಬ ಪ್ರಶ್ನೆಗೆ ಅಮ್ಮ ತಟ್ಟನೆ ಇಲ್ಲ ಎಂದಳು. ಅವತ್ತು ಆಕೆ ತಟ್ಟನೆ ಕೊಟ್ಟ ಉತ್ತರ ಅದೊಂದೇ. ಗುಬ್ಬಿ ಅದನ್ನು ಬರೆಯದೆ, ಪೆನ್ನು ಕೆಳಗಿಟ್ಟು, ತಾನು ಕೆಲಸಕ್ಕೆ ಸೇರಿದ ಮೂರನೇ ದಿನ ದೊಡ್ಡ ಡಾಕ್ಟರ ಎದುರೇ ಇಂಜೆಕ್ಷನ್ ತಟ್ಟೆಯ ಸಮೇತ ಜಾರಿ ಬಿದ್ದದ್ದು, ಬಿದ್ದಲ್ಲಿಂದಲೇ ಅವರಿಗೆ ಗುಡ್ ಮಾರ್ನಿಂಗ್ ಹೇಳಿದ್ದು, ಅದನ್ನು ಇವತ್ತಿನವರೆಗೂ ಮನೆಯಲ್ಲಿ ಯಾರಿಗೂ ಹೇಳದ್ದು, ಎಲ್ಲವನ್ನೂ ಹೇಳಿದಳು. ಅಮ್ಮನ ತುಟಿ ಸೊಟ್ಟಗಾಗಿ ನಗು ಬಂತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನಾನೂ ಬಿದ್ದೆ. ಸ್ಟೂಲಿಂದ. ಬಲ್ಬು ಹಾಕೋಕೆ ಹೋಗಿ." ಮತ್ತೆ ಒಂದು ಬಸ್ಸು ಹೋಯಿತು. "ಬೀರು ಮೂಲೆ ತಲೆಗೆ ತಾಗ್ತು. ಅವಳಿಗೆ ಹೇಳ್ಬೇಡ."

ಬಿದ್ದು ಎಷ್ಟು ದಿನವಾಯಿತು ಎಂಬುದಕ್ಕೆ ಉತ್ತರ ಸುಲಭಕ್ಕೆ ಸಿಗಲಿಲ್ಲ. ಕೊನೆಗೆ, ಅಳಿಯ ಹೊಸ ಸಮವಸ್ತ್ರ ಹೊಲಿಸಿಕೊಂಡ ವಾರ, ಎರಡು ತಿಂಗಳಿಗೂ ಮೇಲಾಯಿತು ಎಂದಳು. ಗುಬ್ಬಿ ಎದ್ದು ನಿಂತಳು. ಈ ಅಜ್ಜಿ ಹೃದಯಕ್ಕೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ದಿನವೂ ನುಂಗುವವಳು ಎಂಬುದನ್ನು ಅದೇ ಕಾಗದದ ಮೇಲಿನ ಸಾಲಿನಲ್ಲಿ ಅವಳೇ ಬರೆದಿದ್ದಳು. ಹೇಳಬೇಡ ಎಂದದ್ದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತ ಕಾರಿಡಾರಿನ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಮತ್ತೆ ಕೋಣೆಗೆ ಬಂದು, ಹೇಳದೆ ವಿಧಿಯಿಲ್ಲ ಅಜ್ಜಿ, ಬೈಗುಳ ಬಿದ್ದರೆ ನನಗೂ ಪಾಲಿರುತ್ತದೆ ಎಂದಳು. ಅಮ್ಮ ಕಣ್ಣು ಮುಚ್ಚಿಕೊಂಡಳು.

ದೊಡ್ಡ ಸಿಸ್ಟರ್ ಔಷಧದ ಬೀರುವಿನ ಮುಂದೆ ಎಣಿಸುತ್ತ ನಿಂತಿದ್ದಳು. ಗುಬ್ಬಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ, ಮುಖಕ್ಕೆ ರಕ್ತ ಏರಿತು. ಕತ್ತು ಬೆವರಿತು.

"ನಮ್ಮಮ್ಮನ ವಿಷ್ಯ ನಂಗೆ ಗೊತ್ತಿಲ್ವಾ? ನೀನು ಹುಟ್ಟೋಕೆ ಮುಂಚೆಯಿಂದ ಈ ಕೆಲಸ ಮಾಡ್ತಿದ್ದೀನಿ."

"ಗೊತ್ತು ಸಿಸ್ಟರ್," ಎಂದಳು ಗುಬ್ಬಿ. ನಿಂತಲ್ಲಿಂದ ಕದಲಲಿಲ್ಲ. "ಒಂದೇ ಒಂದ್ಸಲ ಎರಡೂ ಕೈ ಚಾಚೋಕೆ ಹೇಳಿ ನೋಡಿ. ಆಮೇಲೆ ನನ್ನ ಬೈರಿ."

ಬೀರುವಿಗೆ ಬೀಗ ಹಾಕಿ ದೊಡ್ಡ ಸಿಸ್ಟರ್ ಕೋಣೆಗೆ ಬಂದಳು. ಅಮ್ಮನ ಎದುರು ಮಂಡಿಯೂರಿದಳು. ಕಣ್ಣು ಮುಚ್ಚಿ, ಅಂಗೈ ಮೇಲಾಗಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಮ್ಮ ಎಂದಳು. ಸಾವಿರ ಜನಕ್ಕೆ ಹೇಳಿದ ಮಾತು. ಮನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲ. ಅಮ್ಮ ಕೈ ಚಾಚಿದಳು. ಬಲಗೈ ಇದ್ದಲ್ಲೇ ಇತ್ತು. ಎಡಗೈ ಮೊದಲು ಸ್ವಲ್ಪ ತಿರುಗಿತು, ಆಮೇಲೆ, ಹಗ್ಗ ಸಡಿಲಿಸಿದ ಹಾಗೆ, ಮೆಲ್ಲಗೆ, ಮೆಲ್ಲಗೆ ಇಳಿಯುತ್ತ ತೊಡೆಯ ಮೇಲೆ ಬಂದು ಕೂತಿತು. ಕೈ ಇನ್ನೂ ಚಾಚಿಯೇ ಇದೆ ಎಂದುಕೊಂಡು ಅಮ್ಮ ಕಣ್ಣು ಮುಚ್ಚಿ ಕೂತೇ ಇದ್ದಳು.

ದೊಡ್ಡ ಸಿಸ್ಟರ್ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಳ್ಳುವ ಕುರ್ಚಿ ತಂದವಳು, ಸ್ಕ್ಯಾನಿನ ಕೋಣೆಗೆ ಫೋನು ಮಾಡಿದವಳು, ಡಾಕ್ಟರನ್ನು ಊಟದ ಮೇಜಿನಿಂದ ಎಬ್ಬಿಸಿ ತಂದವಳು ಗುಬ್ಬಿ.

ಸ್ಕ್ಯಾನಿನ ಚಿತ್ರವನ್ನು ಓದಿ ಹೇಳಲು ಯಾರೂ ಬೇಕಿರಲಿಲ್ಲ. ತಲೆಬುರುಡೆಯ ಬಲಬದಿಗೆ, ಮಿದುಳಿನ ಮೇಲೆ, ಅರ್ಧಚಂದ್ರದಂತೆ ರಕ್ತ ನಿಂತಿತ್ತು. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗುತ್ತದೆ, ಅದರ ಸುತ್ತಲಿನ ರಕ್ತನಾಳಗಳು ಎಳೆದುಕೊಂಡಿರುತ್ತವೆ, ಸಣ್ಣ ಏಟಿಗೂ ಒಡೆದು ವಾರಗಟ್ಟಲೆ ಹನಿಹನಿಯಾಗಿ ಜಿನುಗುತ್ತವೆ ಎಂಬುದನ್ನು ದೊಡ್ಡ ಸಿಸ್ಟರ್ ಎಷ್ಟೋ ಹೊಸ ನರ್ಸುಗಳಿಗೆ ಪಾಠ ಹೇಳಿದ್ದಳು. ಮುದುಕರು ಇದ್ದಕ್ಕಿದ್ದಂತೆ ಮಂಕಾದರೆ ವಯಸ್ಸಿನ ತಲೆಗೆ ಕಟ್ಟಬೇಡಿ, ಏನಾಯಿತೆಂದು ಕೇಳಿ ಎಂದು ಹಲಗೆಯ ಮೇಲೆ ಗೀಟು ಎಳೆದು ಬರೆಸಿದ್ದಳು. ಶಸ್ತ್ರಚಿಕಿತ್ಸೆಯ ಡಾಕ್ಟರು, ಬುರುಡೆಗೆ ಎರಡು ಸಣ್ಣ ತೂತು ಮಾಡಿ ರಕ್ತ ಹೊರತೆಗೆಯುತ್ತೇವೆ, ಇನ್ನೂ ಒಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅವಳು ಸಹಿ ಹಾಕಿದಳು. ಸಂಬಂಧ ಎಂದಿದ್ದ ಕಡೆ ಮಗಳು ಎಂದು ಬರೆದಳು. ಎಷ್ಟು ದಿನದಿಂದ ಹೀಗಿದೆ ಎಂದಿದ್ದ ಕಡೆ ಎರಡು ತಿಂಗಳು ಎಂದು ಬರೆದಳು.

ಆಮೇಲಿನ ಮೂರು ಗಂಟೆ ಅವಳಿಗೆ ಮಾಡಲು ಕೆಲಸವಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಆಪರೇಷನ್ ಕೋಣೆಯ ಬಾಗಿಲಿನ ಹೊರಗಿನ ಬೆಂಚಿನಲ್ಲಿ ಕೂತಳು. ಒಳಗಿನಿಂದ ನರ್ಸೊಬ್ಬಳು ಬಂದಾಗಲೆಲ್ಲ ಎದ್ದು ನಿಂತಳು, ಅವಳು ಏನೂ ಹೇಳದೆ ಹೋದಾಗ ಕೂತಳು. ತಾನೂ ಹೀಗೇ ಎಷ್ಟು ಜನರನ್ನು ದಾಟಿ ಹೋಗಿದ್ದೇನೋ ಎಂದುಕೊಂಡಳು. ಗುಬ್ಬಿ ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ಕೂತಳು. ಡಾಕ್ಟರು ಹೊರಗೆ ಬಂದು, ಸಲೀಸಾಗಿ ಆಯಿತು ಎಂದ ಮೇಲೆ ದೊಡ್ಡ ಸಿಸ್ಟರ್ ಅವಳ ಕಡೆ ತಿರುಗಿ, ಆಗ ಬೈದದ್ದಕ್ಕೆ ಏನೋ ಹೇಳಲು ಹೊರಟಳು. ಅಳು ಒತ್ತರಿಸಿ ಬಂತು. ಗುಬ್ಬಿ ನೀರು ತರುತ್ತೇನೆಂದು ಎದ್ದು ಹೋಗಿ, ಬೇಕೆಂದೇ ತಡವಾಗಿ ಬಂದಳು.

ಮೂರನೆಯ ದಿನ ಬೆಳಿಗ್ಗೆ ಅಮ್ಮ ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿ ಕೂತಿದ್ದಳು. ಮಗಳು ಒಳಗೆ ಬಂದದ್ದೇ ತಡ, ಆ ಕಡೆಯ ಮಂಚದವಳು ಹೊತ್ತಾರೆಯಿಂದ ಕರೆಗಂಟೆ ಒತ್ತುತ್ತಿದ್ದಾಳೆ, ಯಾರೂ ಎತ್ತುತ್ತಿಲ್ಲ, ನಮ್ಮ ಎಕ್ಸ್‌ಚೇಂಜಿನಲ್ಲಾಗಿದ್ದರೆ ಮೂರು ಸಲ ಗಂಟೆ ಬಾರಿಸುವಷ್ಟರಲ್ಲಿ ಎತ್ತದವಳಿಗೆ ಮೆಮೊ ಬರುತ್ತಿತ್ತು ಎಂದು ದೂರಿದಳು. ಹಿಂದಿನಿಂದ ಬಂದ ಅಳಿಯ ಬಾಗಿಲಲ್ಲೇ ನಿಂತು, ಅಗ್ನಿಶಾಮಕ ಎಂದ. ಅಮ್ಮ ಹಳೆಯ ನಂಬರನ್ನು ಒಂದೇ ಉಸಿರಿಗೆ ಹೇಳಿ, ನಿನಗೆ ಬೇರೆ ಉದ್ಯೋಗ ಇಲ್ಲವಾ ಎಂದು ಕೇಳಿದಳು. ಅವನು ಕಣ್ಣೊರೆಸಿಕೊಳ್ಳುತ್ತ ಕಾಫಿ ತರುವ ನೆಪದಲ್ಲಿ ಹೊರಗೆ ಹೋದ.

ಇಬ್ಬರೇ ಉಳಿದಾಗ ಮಗಳು ಕೇಳಿದಳು, ಬಿದ್ದದ್ದನ್ನು ಯಾಕೆ ಹೇಳಲಿಲ್ಲ ಎಂದು.

ಅಮ್ಮ ಹೊದಿಕೆಯ ಅಂಚನ್ನು ನೇವರಿಸಿದಳು. "ಹೋದ ವರ್ಷ ಸ್ಟೂಲ್ ಹತ್ತಿದ್ದಕ್ಕೆ ಏನಂದೆ? ಇನ್ನೊಂದ್ಸಲ ಹತ್ತಿದ್ರೆ ಹಗಲೆಲ್ಲ ಮುದುಕರನ್ನ ನೋಡ್ಕೊಳ್ಳೋ ಕಡೆ ಬಿಟ್ಟು ಬರ್ತೀನಿ ಅಂದೆ. ನಿನ್ನ ಹತ್ರ ಹೇಳಿದ್ರೆ ಮಗಳ ಹತ್ರ ಹೇಳ್ದಂಗೆ ಇರಲ್ಲ ಕಣೆ. ವಾರ್ಡಿಗೆ ಸೇರಿದ ಹಾಗೆ ಇರುತ್ತೆ."

ಹಾಗೆ ಅಂದದ್ದು ನಿಜ, ತಪ್ಪಾಯಿತು ಎಂದಳು ಮಗಳು.

"ನಾನು ಮುಚ್ಚಿಟ್ಟಿದ್ದೂ ತಪ್ಪೇ," ಎಂದಳು ಅಮ್ಮ. ಆಮೇಲೆ ಮಗಳ ಮುಖವನ್ನೇ ದಿಟ್ಟಿಸಿದಳು. "ನನಗೆ ಮಂಕು ಕವಿದಿತ್ತು, ಕಣ್ಣು ಹೋಗಿರ್ಲಿಲ್ಲ. ಬೆಳಗಿನ ಜಾವ ಎದ್ದು ಫ್ರಿಜ್ ಬಾಗಿಲು ತೆಗೆದು ಅದರ ಮುಂದೆ ನಿಂತಿರ್ತೀಯಲ್ಲ, ಯಾಕೆ?"

ಒಂದು ಕ್ಷಣ ಬೇರೇನೋ ಹೇಳಿ ಜಾರಿಕೊಳ್ಳಲು ನೋಡಿದಳು. ಆಗಲಿಲ್ಲ. ಮೈಗೆ ಬೆಂಕಿ ಹತ್ತುವುದನ್ನು, ನಿದ್ದೆ ಒಡೆಯುವುದನ್ನು, ನೋಟ್‌ಬುಕ್ಕನ್ನು, ಜ್ವರದ ಕಡ್ಡಿಯನ್ನು, ಎಲ್ಲವನ್ನೂ ಹೇಳಿದಳು. ಎಲ್ಲಕ್ಕಿಂತ ಕೊನೆಗೆ, ಹೇಳಲಾರದ್ದನ್ನು ಹೇಳಿದಳು: ಅಮ್ಮನ ಮರೆವು ಕಂಡ ದಿನದಿಂದ ಅದು ತನ್ನ ಮರೆವಿನ ಮುಂದಿನ ಪುಟ ಎಂದು ತೋರಿತು, ಡಾಕ್ಟರು ಅಮ್ಮನಿಗೆ ಆ ಕಾಯಿಲೆಯ ಹೆಸರು ಹೇಳಿಬಿಟ್ಟರೆ ತನಗೂ ಹೇಳಿದಂತೆ ಎಂದು ಹೆದರಿ ಎರಡು ಸಲ ಹೋಗದೆ ತಪ್ಪಿಸಿದಳು. ಅವಳಷ್ಟು ಹತ್ತಿರದಿಂದ ನೋಡಬಲ್ಲವರು ಇರಲಿಲ್ಲ, ಅವಳಷ್ಟು ನೋಡಲು ಹೆದರಿದವರೂ ಇರಲಿಲ್ಲ.

ಅಮ್ಮ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ತನಗೂ ಆ ವಯಸ್ಸಿನಲ್ಲಿ ಹಾಗೇ ಆಗಿತ್ತೆಂದು ಹೇಳಿದಳು. ಒಂದು ದಿನ ತಂತಿ ಹಿಡಿದುಕೊಂಡು, ಎರಡು ಬದಿಯಲ್ಲೂ ಜನ ಹಲೋ ಹಲೋ ಎನ್ನುತ್ತಿರುವಾಗ, ಯಾವುದನ್ನು ಎಲ್ಲಿ ಸಿಕ್ಕಿಸಬೇಕೆಂದು ತೋಚದೆ ಬೆವರುತ್ತ ಕೂತಿದ್ದಳಂತೆ. ಕೊನೆಗೆ ದರ್ಜಿಗೆ ಬಂದ ಫೋನನ್ನು ಪೊಲೀಸ್ ಠಾಣೆಗೆ ಕೊಟ್ಟಳಂತೆ, ಇನ್‌ಸ್ಪೆಕ್ಟರ್ ಯಾರದೋ ಪ್ಯಾಂಟಿನ ಅಳತೆ ಬರೆದುಕೊಂಡರಂತೆ. ಮಗಳು ನಗುತ್ತ ಅತ್ತಳು, ಅಳುತ್ತ ನಕ್ಕಳು. ಆ ಕಾಲದಲ್ಲಿ ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಈಗ ಡಾಕ್ಟರಿದ್ದಾರೆ, ಹೋಗು ಎಂದಳು ಅಮ್ಮ. ಎರಡು ವರ್ಷ ಕಾಡಿ ತನಗೆ ತಾನೇ ತಿಳಿಯಾಯಿತು, ಆಮೇಲೆ ನಿವೃತ್ತಿಯವರೆಗೂ ಸಲೀಸಾಗಿ ಕೆಲಸ ಮಾಡಿದೆ ಎಂದೂ ಹೇಳಿದಳು.

ಅಮ್ಮ ಹತ್ತನೆಯ ದಿನ ಮನೆಗೆ ಬಂದಳು. ಬಂದವಳೇ ಬೀರುಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಎಡಗೈಗೆ ಹಿಡಿತ ಪೂರ್ತಿ ಮರಳಲಿಲ್ಲ. ಗುಂಡಿ ಹಾಕಿಕೊಳ್ಳಲು ತಡವಾಗುತ್ತಿತ್ತು, ಹಾಕಿಕೊಡಲು ಹೋದರೆ ಸಿಟ್ಟು ಬರುತ್ತಿತ್ತು. ಬಲ್ಬಿನ ಕೆಲಸ ಅಳಿಯನದ್ದು ಎಂದು ತೀರ್ಮಾನವಾಯಿತು, ಆದರೆ ಅವನು ಊರಿನಲ್ಲಿಲ್ಲದಾಗ ಕೆಟ್ಟರೆ ಏನು ಮಾಡಬೇಕು ಎಂಬ ಬಗ್ಗೆ ತಾಯಿ ಮಗಳು ಒಮ್ಮತಕ್ಕೆ ಬರಲಿಲ್ಲ. ನಿಮ್ಮಿಬ್ಬರ ಮಧ್ಯೆ ನನ್ನ ಕೆಂಪು ಬಾವುಟವೂ ನಡೆಯಲ್ಲ, ಹಸಿರು ಬಾವುಟವೂ ನಡೆಯಲ್ಲ ಎಂದು ಅವನು ಕೈ ಚೆಲ್ಲಿದ.

ವಾರ್ಡಿನಲ್ಲಿ ಪಾಳಿ ಬದಲಾಗುವ ಹೊತ್ತಿಗೆ ದೊಡ್ಡ ಸಿಸ್ಟರ್ ಎಲ್ಲರ ಎದುರು ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು, ತನ್ನ ತಪ್ಪನ್ನೂ ಬಿಡದೆ. ಹೊಸದಾಗಿ ಬಂದ ಹಿರಿಯ ರೋಗಿಗೆ ಇಪ್ಪತ್ತು ನಿಮಿಷ ಕೊಡುವುದು ಇನ್ನು ಮೇಲೆ ಕಡ್ಡಾಯ, ಉಳಿದ ಕೆಲಸವನ್ನು ಹೇಗೆ ಹಂಚಿಕೊಳ್ಳುವುದೆಂದು ಕೂತು ನೋಡೋಣ ಎಂದಳು. ಗುಬ್ಬಿಯ ಕಿವಿ ಕೆಂಪಾಯಿತು. ಅವಳನ್ನು ಹೊಗಳಿದರೆ ಇನ್ನೂ ಮಾತು ಜಾಸ್ತಿಯಾಗುತ್ತದೆ ಎಂದು ಯಾರೋ ಹಿಂದಿನಿಂದ ಗೊಣಗಿದರು.

ಮುಂದಿನ ತಿಂಗಳು ದೊಡ್ಡ ಸಿಸ್ಟರ್ ಹೆಂಗಸರ ಡಾಕ್ಟರ ಹತ್ತಿರ ಹೋದಳು. ಅಮ್ಮ ನಾನೂ ಬರುತ್ತೇನೆಂದು ಹಟ ಹಿಡಿದು ಜೊತೆಗೆ ಹೊರಟಳು. ಡಾಕ್ಟರು ರಕ್ತ ತೆಗೆಸಿ ನೋಡಿದರು, ನೆನಪಿನ ಪರೀಕ್ಷೆಯನ್ನೂ ಮಾಡಿದರು. ನೆನಪಿಗೆ ಏನೂ ಆಗಿಲ್ಲ, ಮುಟ್ಟು ನಿಲ್ಲುವ ಕಾಲ, ಅದರ ಮೇಲೆ ನಿದ್ದೆಯಿಲ್ಲ, ಮೈಯಲ್ಲಿ ಕಬ್ಬಿಣದ ಅಂಶ ತಳ ಮುಟ್ಟಿದೆ. ನೀವು ಮನೆಯನ್ನೂ ವಾರ್ಡನ್ನೂ ಒಟ್ಟಿಗೆ ಹೊತ್ತು ತಿರುಗುತ್ತಿದ್ದೀರಿ, ಒಂದನ್ನಾದರೂ ಆಗಾಗ ಕೆಳಗಿಡಿ ಎಂದರು. ಮಾತ್ರೆ ಬರೆದುಕೊಟ್ಟರು, ನಡಿಗೆ ಹೇಳಿದರು, ಮೂರು ತಿಂಗಳು ಬಿಟ್ಟು ಬರಲು ಹೇಳಿದರು.

ಇಬ್ಬರೂ ನಡೆದುಕೊಂಡೇ ಹೊರಟರು. ಸಂಜೆಯ ಬಿಸಿಲು ರಸ್ತೆಯ ಒಂದೇ ಬದಿಗಿತ್ತು. ಬೀಗ ರಿಪೇರಿಯ ಅಂಗಡಿ ದಾಟಿ ಉದ್ಯಾನದ ಬೇಲಿಯ ಹತ್ತಿರ ಬರುವಾಗ ಮಗಳಿಗೆ ಎದೆಯಿಂದ ಕಾವು ಏರತೊಡಗಿತು. ಏನೂ ಆಗದವಳ ಹಾಗೆ ಹೆಜ್ಜೆ ಹಾಕುತ್ತಲೇ ಇದ್ದಳು. ಅಮ್ಮ ನಿಂತುಬಿಟ್ಟಳು.

"ನನಗೆ ಸುಸ್ತಾಯ್ತು," ಎಂದಳು. "ಸ್ವಲ್ಪ ಕೂರೋಣ."

ಅಮ್ಮನ ಉಸಿರಿನಲ್ಲಿ ಸುಸ್ತಿನ ಸುಳಿವೂ ಇರಲಿಲ್ಲ. ಮೂವತ್ತು ವರ್ಷ ಉಸಿರು ಎಣಿಸಿದವಳಿಗೆ ಅಷ್ಟು ತಿಳಿಯದೇ? ಆದರೂ ಮರದ ನೆರಳಿನಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತು ಕತ್ತಿನ ಗುಂಡಿ ಬಿಚ್ಚಿಕೊಂಡಳು. ಅಮ್ಮ ಡಾಕ್ಟರ ಚೀಟಿಯನ್ನು ಬಲಗೈಯಲ್ಲಿ ಹಿಡಿದು ಮಗಳಿಗೆ ಗಾಳಿ ಬೀಸತೊಡಗಿದಳು.